ಓಡಿಸ್ತೀರೋ, ನಿಲ್ಲಿಸ್ತೀರೋ?

ಜೆ.ಸಿ. ರಸ್ತೆಯ ಆ ಸ್ಪೇರ್ಸ್ ಅಂಗಡಿಯವರಿಗೆ ಅರವತ್ತೈದು ದಾಟಿರಬೇಕು. ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಪೆಟ್ರೋಲ್ ಪೈಪ್ ಬೇಕು ಅಂದೆ. ಅವರು ಪೈಪ್ ತೆಗೆಯಲಿಲ್ಲ, ಕನ್ನಡಕ ತೆಗೆದರು.

"ಗಾಡಿ ಓಡಿಸ್ತೀರೋ, ನಿಲ್ಲಿಸ್ತೀರೋ?"

ಓಡಿಸೋಕೇ ಅಲ್ವಾ ಇಷ್ಟೆಲ್ಲ ಒದ್ದಾಟ ಅಂದೆ. "ಎಲ್ರೂ ಹಾಗೇ ಅಂತಾರೆ" ಅಂದರು. ಕೋಪ ಬಂತು. ಗಿರಾಕಿಗೆ ಹೀಗಾ ಮಾತಾಡೋದು? ಆದರೆ ವಾರವಿಡೀ ತಲೆಯಲ್ಲಿ ಅದೇ ಪ್ರಶ್ನೆ.

ಗಾಡಿ ಚಿಕ್ಕಪ್ಪನದು. ಅವರಿಗೆ ಅದು ಇವತ್ತಿಗೂ ಹಳೇ ಹೆಸರಿನ ಫಿಯಟ್ಟೇ. ತುಮಕೂರಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದು ಈಗ ಬೆಂಗಳೂರಿನ ನಮ್ಮ ಪೋರ್ಟಿಕೋಗೆ ಬಂದಿದೆ. ಹಳೇ ರಬ್ಬರ್ ಪೈಪ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಸ್ವಲ್ಪ ಬಗ್ಗಿಸಿದೆ, ಉದ್ದಕ್ಕೂ ಬಿರುಕು. ಒಳಗೆ ಬೆರಳಾಡಿಸಿದರೆ ಕಾಡಿಗೆಯ ಹಾಗೆ ಕಪ್ಪು. ಕಾರಿನಡಿಯ ಕಬ್ಬಿಣದ ಪೆಟ್ರೋಲ್ ಲೈನಿಗೆ ಯಾರೋ ಮಹಾನುಭಾವ ಮಧ್ಯದಲ್ಲಿ ತಾಮ್ರದ ತುಂಡು ಸೇರಿಸಿದ್ದ. ತಾಮ್ರ ಅದುರಿ ಅದುರಿ ಗಡಸಾಗಿ ಒಂದು ದಿನ ಸೀಳುತ್ತದೆ. ಅವನಿಗೇನು, ಅವತ್ತಿನ ಕೂಲಿ ಸಿಕ್ಕಿತ್ತು.

ಪೂರ್ತಿ ಲೈನ್ ಕಬ್ಬಿಣದ್ದೇ ಹಾಕಬಾರದಾ ಅಂತ ಹೆಂಡತಿ ಕೇಳಿದಳು. ಆಗಲ್ಲ. ಎಂಜಿನ್ ಅಲುಗಾಡುತ್ತದೆ, ಬಾಡಿ ಅದರ ಜೊತೆ ಅಲುಗಾಡಲ್ಲ. ಎರಡರ ಮಧ್ಯೆ ರಬ್ಬರ್ ಬೇಕೇ ಬೇಕು. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಬಿರಿದರೆ ಪೆಟ್ರೋಲ್ ಸೋರದೇ ಇರಬಹುದು, ಗಾಳಿ ಎಳೆಯುತ್ತದೆ. ಗಾಡಿ ದಾರಿಯಲ್ಲಿ ಸುಮ್ನೆ ನಿಲ್ಲುತ್ತದೆ, ಬೈಗುಳ ಪಾಪ ಕಾರ್ಬುರೇಟರ್‌ಗೆ. ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವುದು ಬಿರಿದರೆ ಬಿಸಿ ಎಂಜಿನ್ ಮೇಲೇ ಪೆಟ್ರೋಲ್ ಚಿಮ್ಮುತ್ತದೆ. ಆಮೇಲೆ ಹೇಳೋದೇನಿದೆ?

ಬ್ಯಾಟರಿ ಕಳಚಿ, ಪೆಟ್ರೋಲ್ ಪೂರ್ತಿ ಇಳಿಸಿ, ಗೇಟ್ ತೆರೆದಿಟ್ಟು ಕೆಲಸಕ್ಕೆ ಕೂತೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಅಷ್ಟರಲ್ಲಿ ಎದುರು ಮನೆಯ ಯಜಮಾನರು ಕೈಯಲ್ಲಿ ಸಿಗರೇಟ್ ಹಿಡಿದು ಸಲಹೆ ಕೊಡಲು ಬಂದರು! ಸಲಹೆಗೆ ನಮ್ಮ ಬೀದಿಯಲ್ಲಿ ಯಾವತ್ತೂ ಬರವಿಲ್ಲ.

ಅಂಗಡಿಯವರ ಪ್ರಶ್ನೆಯ ಅರ್ಥ ಹೊಳೆದದ್ದು ಟ್ಯಾಂಕ್ ಖಾಲಿ ಮಾಡುವಾಗ. ಅಡಿಯಲ್ಲಿ ನೀರು, ತುಕ್ಕು. 2023ರಲ್ಲಿ ಇಲ್ಲೇ ಬೆಂಗಳೂರಿನಲ್ಲಿ ಶುರು ಮಾಡಿದ 20% ಎಥನಾಲ್ ಪೆಟ್ರೋಲ್ ಈಗ ಎಲ್ಲಿ ನೋಡಿದರೂ ಅದೇ. ಎಥನಾಲ್ ತೇವ ಹೀರುತ್ತದೆ. ಜಾಸ್ತಿ ಹೀರಿದರೆ ನೀರಿನ ಜೊತೆ ಬೇರೆಯಾಗಿ ತಳ ಸೇರುತ್ತದೆ. ಹಳೇ ರಬ್ಬರ್ ಇದಕ್ಕೆಂದು ಮಾಡಿದ್ದೂ ಅಲ್ಲ. ಓಡುವ ಗಾಡಿಯಲ್ಲಿ ಪೆಟ್ರೋಲ್ ಖರ್ಚಾಗುತ್ತದೆ, ಹೊಸದು ಬರುತ್ತದೆ. ನಿಂತ ಗಾಡಿಯಲ್ಲಿ ಅದೇ ಪೆಟ್ರೋಲ್ ಅಲ್ಲೇ ಕೂತು ಪೈಪನ್ನೂ ಟ್ಯಾಂಕನ್ನೂ ತಿನ್ನುತ್ತದೆ. ನಿಲ್ಲಿಸುವವರಿಗೇ ದುಬಾರಿ ಪೈಪ್ ಬೇಕು. ಅಂಗಡಿಯವರು ಕೊನೆಗೆ ಕೈಗಿಟ್ಟದ್ದೂ ಅದನ್ನೇ, ಒಳಗೆ ಎಥನಾಲ್ ತಡೆಯುವ ವೈಟನ್ ರಬ್ಬರಿನ ಪದರ ಇರುವುದು. ನನ್ನ ಮುಖದಲ್ಲಿ ಏನು ಕಂಡರೋ!

ಬಿಲ್ ನೋಡಿ ಚಿಕ್ಕಪ್ಪ ಬೆಚ್ಚಿದರು. "ಇಷ್ಟು ದುಡ್ಡು ಯಾಕೋ? ಆಯುಧ ಪೂಜೆಗೆ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಸಾಕಲ್ಲ."

ಅಂಗಡಿಯವರ ಪ್ರಶ್ನೆಗೆ ನಿಜವಾದ ಉತ್ತರ ಇದೇ ಇರಬೇಕು. ನಮ್ಮಲ್ಲಿ ಹಳೇ ಕಾರಿನ ಪ್ರೀತಿ ಎಂದರೆ ಹೆಚ್ಚಾಗಿ ಕ್ರೋಮು, ಬಣ್ಣ, ಫೋಟೋ. ಬಂಪರಿಗೆ ಸಾವಿರಗಟ್ಟಲೆ ಸುರಿಯುವವರು ಕಣ್ಣಿಗೆ ಕಾಣದ ಪೈಪಿಗೆ ಚೌಕಾಸಿ ಮಾಡುತ್ತಾರೆ. ಚಿಕ್ಕಪ್ಪ ಹಾಗಲ್ಲ, ಅವರಿಗೆ ಫೋಟೋ ಹುಚ್ಚಿಲ್ಲ. ಚಿಕ್ಕಮ್ಮ ಹೋದ ಮೇಲೆ ಅವರೇ ಎಲ್ಲೂ ಹೊರಡುವುದಿಲ್ಲ. ಮದುವೆಗೆ ಕರೆದರೆ ಮಂಡಿ ನೋವು, ದೇವಸ್ಥಾನಕ್ಕೆ ಅಂದರೆ ಜನ ಜಾಸ್ತಿ. ಮನೆಯವರೆಲ್ಲ ಸೇರಿ ಅವರಿಗೆ ಹೊತ್ತುಹೊತ್ತಿಗೆ ಊಟ, ಮಾತ್ರೆ, ಟಿವಿ ಕೊಟ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂದುಕೊಂಡಿದ್ದೇವೆ. ಶೆಡ್ಡಿನಲ್ಲಿ ಕಾರಿನ ಮೇಲೂ ಒಳ್ಳೇ ಕವರೇ ಇತ್ತು.

ಲೈನ್ ಕೂರಿಸಿ, ಕ್ಲಿಪ್ ಬಿಗಿದು, ಸ್ಟಾರ್ಟ್ ಮಾಡಿದ್ದಾಯಿತು. ಎಲ್ಲೂ ಒಂದು ಹನಿ ಇಲ್ಲ. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗೋಣ ಬನ್ನಿ ಚಿಕ್ಕಪ್ಪ ಅಂದೆ. ಬಿಸಿಲು ಜಾಸ್ತಿ ಅಂದರು. ಬೆಳಗ್ಗೆ ಆರಕ್ಕೇ ಹೊರಡೋಣ ಅಂದಿದ್ದೇನೆ. ಇನ್ನೂ ಹೂಂ ಅಂದಿಲ್ಲ. ಆದರೆ ಟೈರಿಗೆ ಗಾಳಿ ಎಷ್ಟು ಹೊಡೆಸಿದ್ದೀಯ ಅಂತ ಕೇಳಿದ್ದಾರೆ.