ಬರೆಯುವ ಹಸೆ, ಕರೆಯುವ ಹಸೆ: ಹಾಡಿನ ಸಂಗ್ರಹ, ನಾಲ್ಕನೇ ತಿಂಗಳು

ಸಾಗರ, ಸೊರಬ, ಹೊಸನಗರದ ಕಡೆ ಹೆಂಗಸರು ಹಾಡುವುದನ್ನು ಫೋನಿನಲ್ಲಿ ಹಿಡಿದು, ಮನೆಗೆ ಬಂದು ಬರೆದಿಡುವ ಕೆಲಸ 63 ಹಾಡಿಗೆ ಬಂದು ನಿಂತಿದೆ. ಈ ತಿಂಗಳು ಹೊಸದು ಸಿಕ್ಕಿದ್ದು ಮೂರೇ. ಉಳಿದ ಹೊತ್ತೆಲ್ಲ ಹೆಸರಿನ ಗೋಜಲು ಬಿಡಿಸುವುದಕ್ಕೇ ಹೋಯಿತು.

ಹನ್ನೊಂದು ಫೈಲಿಗೆ ‘ಹಸೆ ಹಾಡು’ ಅಂತಲೇ ಹೆಸರಿಟ್ಟಿದ್ದೆ. ಲ್ಯಾಪ್‌ಟಾಪಿಗೆ ಹಾಕುವಾಗ ಒಂದರ ಮೇಲೊಂದು ಕೂತು ಎರಡು ಅಳಿಸಿಹೋದವು. ಅದರಲ್ಲೊಂದನ್ನು ಹಾಡಿದ ಅಜ್ಜಿಗೆ ಈಗ ಎರಡು ಸಾಲಿಗೇ ಉಸಿರು ಕಟ್ಟುತ್ತದೆ. ಇನ್ನೊಮ್ಮೆ ಹಾಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಸಂಕಟ ಇನ್ನೂ ಇದೆ.

ದಾರಿ ತೋರಿಸಿದ್ದು ಸಾಗರದ ಹತ್ತಿರ ದೀವರು ಸಮುದಾಯದ ಮನೆಯ ಒಬ್ಬ ಅಮ್ಮ. ‘ಹಸೆ ಹಾಡು ಹೇಳ್ಕೊಡಿ’ ಅಂದದ್ದಕ್ಕೆ ‘ಯಾವ ಹಸೆ ತಂಗಿ, ಬರೆಯದೋ ಕರೆಯದೋ?’ ಅಂತ ಕೇಳಿದರು. ಬರೆಯುವ ಹಸೆ ಅಂದರೆ ಗೋಡೆಯ ಚಿತ್ತಾರ. ಕರೆಯುವುದು ಮದುಮಕ್ಕಳನ್ನು ಹಸೆಮಣೆಗೆ ಕರೆಯುವ ಹಾಡು. ಹಸೆ ಅನ್ನುವುದಕ್ಕೆ ಹಾಸು, ಚಾಪೆ ಅನ್ನುವ ಅರ್ಥವೂ ಇದೆ. ಕೂರುವ ಜಾಗದ ಹೆಸರೇ ಅದರ ಹಿಂದಿನ ಗೋಡೆಗೂ ಹತ್ತಿದೆ, ಬಾಯಲ್ಲಿನ ಹಾಡಿಗೂ ಹತ್ತಿದೆ ಅಂತ ನನಗೆ ಅವತ್ತು ಅನಿಸಿತು.

ಅವರು ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಉದ್ದ ಗೆರೆ ಎಳೆಯುವಾಗ ಹಾಡಿನ ಸಾಲೂ ಅಷ್ಟೇ ಉದ್ದ ಎಳೆಯುತ್ತಿದ್ದರು, ಕುಂಚ ಎತ್ತಿದಾಗ ದನಿಯೂ ನಿಲ್ಲುತ್ತಿತ್ತು. ನನ್ನ ರೆಕಾರ್ಡಿನಲ್ಲಿ ನಡುನಡುವೆ ಇರುವ ಮೌನ ಮರೆವಿನದು ಅಂದುಕೊಂಡು ಕತ್ತರಿಸಿದ್ದೆ. ಈಗ ಎಲ್ಲವನ್ನೂ ಮೊದಲಿನಂತೆ ಸೇರಿಸುತ್ತಿದ್ದೇನೆ.

ನಮ್ಮ ಕಡೆ ‘ಹಾಡು-ಹಸೆ ಬಲ್ಲ ಹುಡುಗಿ’ ಅನ್ನುತ್ತಾರಲ್ಲ, ಆ ಹಸೆಯೂ ಈ ಬರೆಯುವ ಸಾಲಿಗೇ ಸೇರುತ್ತದೆ.

ಸೋಬಾನೆ ಇದಕ್ಕಿಂತ ಕಷ್ಟ. ಮದುವೆಯ ಜನಪದ ಹಾಡು ಸೋಬಾನೆ. ಸೋದೆಯ ವಾದಿರಾಜರು ರಚಿಸಿದ್ದು ಲಕ್ಷ್ಮೀ ಶೋಭಾನೆ, ಅದನ್ನೂ ಮದುವೆಯಲ್ಲಿ ಹಾಡುತ್ತಾರೆ. ಪಂಚಾಂಗದ 27 ಯೋಗಗಳಲ್ಲಿ ಐದನೆಯದು ಶೋಭನ. ಮದುವೆಯಾದ ಮೇಲಿನ ಶೋಭನ ಬೇರೆ. ಇವಕ್ಕೆಲ್ಲ ಬೇರೆ ಬೇರೆ ಹಾಳೆ ಮಾಡಿದೆ. ಹಾಡುವವರು ‘ಸೋಬಾನ’ ಅಂದರೆ ಹಾಗೆಯೇ ಬರೆಯುತ್ತೇನೆ, ತಿದ್ದುವುದಿಲ್ಲ.

ಅಂಟಿಗೆ-ಪಂಟಿಗೆಯನ್ನು ಮಾತ್ರ ಒಡೆಯಲಿಲ್ಲ. ದೀಪಾವಳಿಯ ರಾತ್ರಿ ಮನೆಮನೆಗೆ ದೀಪ ಹೊತ್ತು ಬರುವ ತಂಡಕ್ಕೂ ಆ ಹಾಡಿಗೂ ಆಚರಣೆಗೂ ಅದೇ ಹೆಸರು. ದೀಪವನ್ನು ಬಿಟ್ಟು ಹಾಡನ್ನಷ್ಟೇ ಬೇರೆ ಇಡುವುದು ಸರಿಯಲ್ಲ.

ಫೈಲಿನ ಹೆಸರಿನಲ್ಲಿ ಈಗ ಊರು, ತಾರೀಖು, ಹಾಡುವಾಗ ಕೈಯಲ್ಲಿ ಏನು ಕೆಲಸವಿತ್ತು, ಮೂರೂ ಇರುತ್ತವೆ. 40 ಮುಗಿದಿದೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಬಾ ಅಂದಿದ್ದಾರೆ ಆ ಅಮ್ಮ. ಬುಟ್ಟಿಗೆ ಕೆಮ್ಮಣ್ಣು ಬಳಿಯುವ ದಿನವೇ ಹೋಗುತ್ತೇನೆ.