ಮುತ್ತಮ್ಮ ಬರೆದುಕೊಟ್ಟ ಮುಚ್ಚಳಿಕೆ

ಕಾಸರಗೋಡಿನ 'ಅಕ್ಷಯ' ಎಂಬ ಆನ್‌ಲೈನ್ ಸೇವಾ ಕೇಂದ್ರದಲ್ಲಿ ತಂಗಿಯ ಮಗಳ ಅರ್ಜಿ ತುಂಬಿಸುತ್ತಿದ್ದೆವು. ಮದುವೆಯ ಕಾಲಂ ಬಂದದ್ದೇ, "ಇದೆಲ್ಲ ಇವರಿಗ್ಯಾಕೆ ದೊಡ್ಡಮ್ಮ?" ಎಂದಳು.

ನನಗೆ ನೆನಪಾದದ್ದು ಸಿ.ಬಿ. ಮುತ್ತಮ್ಮ. ನಮ್ಮ ಪಾಣತ್ತೂರು ದಾಟಿದರೆ ಕೊಡಗು, ಅಲ್ಲಿನ ವಿರಾಜಪೇಟೆಯವರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಹೆಣ್ಣು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡೇ ಕೆಲಸ ಕೊಟ್ಟದ್ದು! ಹಂಗೇರಿಯಲ್ಲಿ ಭಾರತದ ರಾಯಭಾರಿಯಾಗಿದ್ದವರಿಗೂ ಮುಂದೆ ಬಡ್ತಿ ತಪ್ಪಿತು. ನೆಟ್ಟಗೆ ಸುಪ್ರೀಂ ಕೋರ್ಟಿಗೇ ಹೋದರು. 1979ರ ತೀರ್ಪು ಬರೆದವರು ಹಿಂದೆ ತಲಶ್ಶೇರಿಯಲ್ಲಿ ವಕೀಲರಾಗಿದ್ದ ಕೃಷ್ಣ ಅಯ್ಯರ್ (ನಮ್ಮ ರೈಲಿನ ದಾರಿಯ ಊರೇ). ಅಷ್ಟರಲ್ಲಿ ಬಡ್ತಿ ಕೊಟ್ಟಾಗಿತ್ತು, ಅರ್ಜಿ ವಜಾ. ಆದರೂ ಅಯ್ಯರ್, ಹೆಣ್ಣು-ಗಂಡೆಂದು ಭೇದ ಮಾಡುವ ನಿಯಮಗಳನ್ನು ತಿದ್ದಿ ಎಂದು ಸರಕಾರಕ್ಕೆ ಬಿಸಿ ಮುಟ್ಟಿಸಿದರು.

ಇದನ್ನೆಲ್ಲ ಹೇಳೋಣವೆಂದು ತಿರುಗಿದರೆ, ಇವಳು 'ಅವಿವಾಹಿತೆ' ಒತ್ತಿ, ಫೋಟೋದ ಕೆಬಿ ಜಾಸ್ತಿಯಾಯಿತೆಂದು ಗೊಣಗುತ್ತಿದ್ದಳು.