ನಲವತ್ತೈದು ಪ್ರತಿ, ಒಂದೇ ಲೈನು

2003ರಲ್ಲಿ ನಾನು ಧಾರವಾಡದ ಒಂದು ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಇಡೀ ಕ್ಯಾಂಪಸ್ಸಿಗೆ ಇದ್ದದ್ದು 64 ಕೆಬಿಪಿಎಸ್‌ನ ಒಂದು ಲೀಸ್ಡ್ ಲೈನ್, ಅಂದರೆ ಬಾಡಿಗೆಯ ಇಂಟರ್ನೆಟ್ ಲೈನ್. ಸೆಕೆಂಡಿಗೆ 8 ಕಿಲೋಬೈಟ್, ಅಷ್ಟೇ. ಒಂದು ಮಧ್ಯಾಹ್ನ ಎಂ.ಟೆಕ್ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸರ್, ಸ್ಕಾಲರ್‌ಶಿಪ್ ಫಾರ್ಮ್ ತುಂಬಾಕ ಇವತ್ತ ಕೊನೇ ದಿನ ಐತ್ರಿ. ಪೇಜ ತೆರೀವಲ್ದು" ಅಂದಳು.

ಮೇಲ್ ಕ್ಯೂ, ಅಂದರೆ ಹೊರಡಲು ಕಾದಿರುವ ಮೇಲ್‌ಗಳ ಸಾಲು, ತೆರೆದು ನೋಡಿದೆ. ಹಳೆ ವಿದ್ಯಾರ್ಥಿಗಳ ಲಿಸ್ಟಿಗೆ ಯಾರೋ ವಾರ್ಷಿಕೋತ್ಸವದ ಫೋಟೋ ಕಳಿಸಿದ್ದರು, 3 ಎಂಬಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗಲು ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗುವಾಗ ಮೂರು ಬೈಟು ನಾಲ್ಕಾಗುತ್ತದೆ, ಅಲ್ಲಿಗೆ 4 ಎಂಬಿ. ಹಾಟ್‌ಮೇಲ್, ಯಾಹೂ ವಿಳಾಸಗಳಿಂದ ಹೆಚ್ಚು ಹೊರೆಯಿಲ್ಲ. ಅಲ್ಲಿರುವವರ ಹೆಸರುಗಳನ್ನು ಒಟ್ಟಿಗೆ ಹೇಳಿ ಪತ್ರ ಒಮ್ಮೆ ಒಪ್ಪಿಸಿದರಾಯಿತು. ಆದರೆ 45 ಜನ ಬೇರೆ ಬೇರೆ ಕಂಪನಿಗಳ ವಿಳಾಸ ಕೊಟ್ಟಿದ್ದರು. 45 ಪ್ರತಿ. ಲೈನ್ ಖಾಲಿಯಿದ್ದರೂ ಒಂದಕ್ಕೆ ಎಂಟೂವರೆ ನಿಮಿಷ, ಎಲ್ಲಕ್ಕೂ ಆರು ಗಂಟೆಗೂ ಮೇಲೆ.

ಅಷ್ಟೇ ಆಗಿದ್ದರೆ ಕಾಯಬಹುದಿತ್ತು. ನಮ್ಮ ಮೇಲ್ ಕಳಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಎಲ್ಲವನ್ನೂ ಏಕಕಾಲಕ್ಕೆ ಕಳಿಸಲು ಹೊರಟಿತ್ತು. ಪ್ರತಿಯೊಂದೂ ತೆವಳುತ್ತಿತ್ತು; ಆಚೆಯ ಸರ್ವರ್ ಕಾದು ಕಾದು ಸಂಪರ್ಕ ಕಡಿಯುತ್ತಿತ್ತು. ಕಡಿದರೆ, ಮುಕ್ಕಾಲು ಹೋಗಿದ್ದ ಪತ್ರವೂ ಮತ್ತೆ ಮೊದಲ ಬೈಟಿನಿಂದ ಹೊರಡಬೇಕು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬರ್ಕ್ಲಿಯ ಲ್ಯಾಬಿಗೂ ಅದರಿಂದ 400 ಗಜ ದೂರದ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ 32 ಕೆಬಿಪಿಎಸ್‌ನಿಂದ ಸೆಕೆಂಡಿಗೆ 40 ಬಿಟ್‌ಗೆ ಕುಸಿದದ್ದನ್ನು ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್ಸನ್ ದಾಖಲಿಸಿದ್ದಾರೆ. ಅಲ್ಲಿ ಪ್ಯಾಕೆಟ್ ಎನ್ನುವ ಮಾಹಿತಿಯ ಸಣ್ಣ ತುಂಡುಗಳು, ನಮ್ಮಲ್ಲಿ ಇಡಿಯಿಡೀ ಪತ್ರಗಳು. ಕಳಿಸಿದ್ದನ್ನೇ ಮತ್ತೆ ಕಳಿಸಿ ದಾರಿ ಕಟ್ಟಿಕೊಂಡದ್ದು ಎರಡೂ ಕಡೆ ಒಂದೇ.

ಫೋಟೋ ಹೊರಗೆ ಹೋಗುವಾಗ ಒಳಗೆ ಬರುವ ಪೇಜಿಗೇನು ತೊಂದರೆ ಅಂತ ಪ್ರಿನ್ಸಿಪಾಲರು ಆಮೇಲೆ ಕೇಳಿದರು. ನ್ಯಾಯವಾದ ಪ್ರಶ್ನೆ. ಪೇಜ್ ಬೇಕೆನ್ನುವ ಕೋರಿಕೆ, ಬಂದಷ್ಟಕ್ಕೆ 'ತಲುಪಿತು' ಎನ್ನುವ ಪುಟ್ಟ ಉತ್ತರ, ಇವೂ ಹೊರಗೇ ಹೋಗಬೇಕಲ್ಲ? ಕ್ಯಾಂಪಸ್ಸನ್ನು ಲೈನಿಗೆ ಜೋಡಿಸುವ ರೌಟರ್‌ನಲ್ಲಿ ಅವು ಫೋಟೋಗಳ ಹಿಂದೆ ಸರದಿ ಕಾಯುತ್ತಿದ್ದವು.

ಇನ್ನೊಬ್ಬರ ಪತ್ರ ಅಳಿಸಲು ಮನಸ್ಸಾಗಲಿಲ್ಲ. ಆ ಮೇಲನ್ನು ಹೋಲ್ಡ್‌ಗೆ ಹಾಕಿದೆ, ಅಂದರೆ ಕ್ಯೂನಲ್ಲೇ ತಡೆದಿಟ್ಟೆ. ಫಾರ್ಮ್ ತೆರೆಯಿತು. ಅವಳು ತುಂಬಿ ಮುಗಿಸುವವರೆಗೆ ಕ್ಯಾಂಪಸ್ಸಿನ ಒಂದು ಮೇಲನ್ನೂ ಹೊರಗೆ ಬಿಡಲಿಲ್ಲ. ರಾತ್ರಿ ಹತ್ತರ ಮೇಲೆ, ಸಲಕ್ಕೆ ಒಂದೇ ಪ್ರತಿ ಹೊರಡುವಂತೆ ಮಿತಿ ಹಾಕಿ ಫೋಟೋಗಳನ್ನು ಬಿಟ್ಟೆ. ಕೊನೆಯದು ಹೋಗುವಾಗ ಬೆಳಕು ಹರಿಯುತ್ತಿತ್ತು.